7,000 ನಂದಾದೀಪಗಳ ಶಾಲೆ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ವಿಲ್ಬ್ರಹಾಮ್ ಅಂತ ಒಂದು ಊರಿದೆ. ಅಲ್ಲಿ ಮಿನೆಚಾಗ್ ರೀಜನಲ್ ಹೈಸ್ಕೂಲ್. 2021ರ ಆಗಸ್ಟ್‌ನಲ್ಲಿ ಆ ಶಾಲೆಯ ದೀಪಗಳನ್ನು ನೋಡಿಕೊಳ್ಳುತ್ತಿದ್ದ ಕಂಪ್ಯೂಟರ್ ವ್ಯವಸ್ಥೆ ಕೈಕೊಟ್ಟಿತು. ಅಂದಿನಿಂದ ಸುಮಾರು 7,000 ದೀಪಗಳು ಹಗಲೂ ರಾತ್ರಿ ಉರಿದವು. ಕ್ರಿಸ್‌ಮಸ್ ರಜೆಯಲ್ಲಿ ಉರಿದವು, ಬೇಸಿಗೆ ರಜೆಯಲ್ಲೂ ಉರಿದವು. 2023ರ ಜನವರಿಯಲ್ಲಿ ಸುದ್ದಿ ದೇಶಕ್ಕೆಲ್ಲ ಹಬ್ಬಿದಾಗಲೂ ಉರಿಯುತ್ತಲೇ ಇದ್ದವು. ನಮ್ಮ ಕಡೆ ನಂದಾದೀಪ ಆರದ ಹಾಗೆ ನೋಡಿಕೊಳ್ಳೋಕೆ ಒಬ್ಬರು ಇರಬೇಕು, ಹೊತ್ತು ಹೊತ್ತಿಗೆ ಎಣ್ಣೆ ಹಾಕಬೇಕು. ಅಲ್ಲಿ ಯಾರೂ ಏನೂ ಮಾಡದೆಯೇ ಕೆಲಸ ಸಾಂಗವಾಗಿ ನಡೆಯಿತು.

ಹೋಗಿ ಆರಿಸಬಾರದಿತ್ತಾ ಅಂತ ಕೇಳಬೇಡಿ. ಅದು ಹಿಂದುಳಿದವರ ಪ್ರಶ್ನೆ. ಹತ್ತು ವರ್ಷಕ್ಕೂ ಹಿಂದೆ ಶಾಲೆ ಕಟ್ಟುವಾಗ ಕರೆಂಟು ಉಳಿಸಲೆಂದೇ ಹಾಕಿಸಿದ ವ್ಯವಸ್ಥೆ ಅದು. ಯಾವ ದೀಪ ಯಾವಾಗ ಎಷ್ಟು ಬೆಳಗಬೇಕು ಅನ್ನುವುದನ್ನು ಸಾಫ್ಟ್‌ವೇರ್ ತೀರ್ಮಾನಿಸುತ್ತದೆ. ಸಾಫ್ಟ್‌ವೇರ್ ಸತ್ತರೆ ಮಕ್ಕಳು ಕತ್ತಲಲ್ಲಿ ಬೀಳಬಾರದಲ್ಲ, ಹಾಗಾಗಿ ಎಲ್ಲ ದೀಪವೂ ತಾನಾಗಿ ಉರಿಯುವ ಹಾಗೆ ಮಾಡಿದ್ದರು. ಒಳ್ಳೆಯ ಯೋಚನೆಯೇ. ಆರಿಸುವ ಯೋಚನೆಯೊಂದು ಬಾಕಿ ಉಳಿದಿತ್ತು ಅಷ್ಟೆ.

ಇದನ್ನು ಮಾಡಿಕೊಟ್ಟ ಕಂಪನಿಯನ್ನು ಹುಡುಕಿಕೊಂಡು ಹೊರಟರೆ, ಅದು ಅಷ್ಟರಲ್ಲಿ ಹಲವು ಕೈ ಬದಲಾಗಿತ್ತು. ಈ ವ್ಯವಸ್ಥೆ ಗೊತ್ತಿರುವ ಒಬ್ಬ ಮನುಷ್ಯನನ್ನು ಪತ್ತೆ ಹಚ್ಚೋಕೇ ವಾರಗಟ್ಟಲೆ ಹಿಡಿಯಿತು. ಆಮೇಲೆ ಬಿಡಿಭಾಗ ಚೀನಾದಿಂದ ಬರಬೇಕಿತ್ತು. ಕೊರೊನಾ ಕಾಲ, ಬರಲಿಲ್ಲ. ಅಷ್ಟು ಹೊತ್ತು ಶಾಲೆಯವರು ಏನು ಮಾಡಿದರು? ಪ್ರೊಜೆಕ್ಟರ್ ಹಾಕಬೇಕಾದ ಮೇಷ್ಟ್ರುಗಳು ಬಲ್ಬ್ ಬಿಚ್ಚಿದರು. ಕೈಯಿಂದ. ಅದಕ್ಕೆ ಲಾಗಿನ್ ಬೇಕಾಗಲಿಲ್ಲ. ಖರ್ಚು ಎಷ್ಟಾಯಿತು ಅಂದರೆ, ತಿಂಗಳಿಗೆ ಸಾವಿರಗಳ ಲೆಕ್ಕದಲ್ಲಿ ಡಾಲರ್, ಹತ್ತಾರು ಸಾವಿರವೇನೂ ಅಲ್ಲ ಅಂತ ಹಣಕಾಸು ನೋಡಿಕೊಳ್ಳುವ ಅಧಿಕಾರಿ ಸಮಾಧಾನ ಹೇಳಿದರು. ತೆರಿಗೆ ಕಟ್ಟುವವರು ನಿಟ್ಟುಸಿರು ಬಿಟ್ಟಿರಬೇಕು.

ಕೊನೆಗೆ ರಿಪೇರಿಗೆ ಬಂದ ಕಂಪನಿಯವರು ಒಂದು ಭರವಸೆ ಕೊಟ್ಟರು. ಇನ್ನು ಮುಂದೆ ಹೀಗಾಗದಂತೆ, ಬೇಕೆಂದಾಗ ಆರಿಸುವುದಕ್ಕೆ ಒಂದು ರಿಮೋಟ್ ಸ್ವಿಚ್ ಇಡುತ್ತಾರಂತೆ! ದೀಪಕ್ಕೊಂದು ಸ್ವಿಚ್. ವಿಜ್ಞಾನ ಎಲ್ಲಿಗೆ ಬಂದು ನಿಂತಿದೆ ನೋಡಿ.

ಇದು ದೀಪದ ತಂತ್ರಾಂಶಕ್ಕೆ ದಿಕ್ಕುದೆಸೆ ಇಲ್ಲದೆ ಹೋದ ಕಥೆ. ಹಾಗಂತ ಕಾಲಕಾಲಕ್ಕೆ ಅಪ್‌ಡೇಟ್ ಮಾಡಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಅಂದುಕೊಂಡಿರಾ? ಬನ್ನಿ ಬೆಂಗಳೂರಿಗೆ. ಇಂಥ ಸಾಧನಗಳ ಫರ್ಮ್‌ವೇರ್ (ಸಾಧನದ ಒಳಗೇ ಕೂತು ಅದನ್ನು ನಡೆಸುವ ತಂತ್ರಾಂಶ) ಬರೆಯುವ ಹುಡುಗರು ನಮ್ಮಲ್ಲೇ ಬೇಕಾದಷ್ಟು ಜನ ಇದ್ದಾರೆ, ಅದನ್ನು ಅನುಭವಿಸುವ ಕಟ್ಟಡಗಳೂ ಇವೆ.

ಔಟರ್ ರಿಂಗ್ ರೋಡಿನ ಯಾವುದೋ ಟೆಕ್ ಪಾರ್ಕ್, ಶನಿವಾರ ರಾತ್ರಿ ಅಂತ ಇಟ್ಟುಕೊಳ್ಳಿ. ಫಾಲ್ಸ್ ಸೀಲಿಂಗ್‌ನ ಒಂದು ಹಲಗೆ ತೆಗೆದು, ಏಣಿಯ ತುದಿಯಲ್ಲಿ ಟೆಕ್ನಿಷಿಯನ್ ನಿಂತಿದ್ದಾನೆ. ಒಂದು ಕೈಯಲ್ಲಿ ಲ್ಯಾಪ್‌ಟಾಪ್, ಬಾಯಲ್ಲಿ ಸ್ಕ್ರೂಡ್ರೈವರ್. ಲ್ಯಾಪ್‌ಟಾಪ್ ಪರದೆಯಲ್ಲಿ 97 ಪರ್ಸೆಂಟ್ ಅಂತ ಇದೆ. ಕಾಲು ಗಂಟೆಯಿಂದ ಅಷ್ಟೇ ಇದೆ. ಕೆಳಗೆ ಕೆಂಪಕ್ಷರದಲ್ಲಿ, ದಯವಿಟ್ಟು ವಿದ್ಯುತ್ ಕಡಿತ ಮಾಡಬೇಡಿ ಅಂತ ಎಚ್ಚರಿಕೆ. ಆ ದಯವಿಟ್ಟು ಅನ್ನುವುದು ಬೆಸ್ಕಾಂಗೆ ಕೇಳಿಸಬೇಕಲ್ಲ. ಏಣಿ ಹಿಡಿದುಕೊಂಡ ಹೌಸ್‌ಕೀಪಿಂಗ್ ಹುಡುಗ ತಲೆಯೆತ್ತಿ ಕೇಳುತ್ತಾನೆ.

"ಅಣ್ಣಾ, ಲೈಟ್ ಯಾಕೆ ಹಿಂಗೆ ಮಿಟುಕ್ತಾ ಇದೆ?"

"ಅಪ್‌ಡೇಟ್ ಆಗ್ತಿದೆ ಕಣೋ."

"ಬಲ್ಬಿಗೆ ಎಂಥ ಅಪ್‌ಡೇಟ್?"

"ಸೆಕ್ಯೂರಿಟಿದು."

"ಬಲ್ಬನ್ನ ಯಾರು ಕದೀತಾರಣ್ಣಾ?"

"ಬಲ್ಬ್ ಕದಿಯಲ್ಲ ಮಾರಾಯ. ಬಲ್ಬಿಂದ ಒಳಗೆ ಬರ್ತಾರೆ."

ಹುಡುಗ ಒಮ್ಮೆ ಬಲ್ಬ್ ನೋಡುತ್ತಾನೆ, ಒಮ್ಮೆ ಬಾಗಿಲ ಬಳಿ ತೂಕಡಿಸುತ್ತಿರುವ ಸೆಕ್ಯೂರಿಟಿಯವರನ್ನು ನೋಡುತ್ತಾನೆ.

ನಗಬೇಡಿ, ಟೆಕ್ನಿಷಿಯನ್ ಹೇಳಿದ್ದು ನಿಜ. 2016ರಲ್ಲಿ ಇಸ್ರೇಲ್ ಮತ್ತು ಕೆನಡಾದ ಸಂಶೋಧಕರ ತಂಡವೊಂದು ಕಟ್ಟಡದ ಹೊರಗೆ ಡ್ರೋನ್ ಹಾರಿಸಿ ಒಳಗಿದ್ದ ಫಿಲಿಪ್ಸ್ ಹ್ಯೂ ಎಂಬ ಸ್ಮಾರ್ಟ್ ಬಲ್ಬುಗಳನ್ನು ತಮ್ಮ ವಶ ಮಾಡಿಕೊಂಡು ತೋರಿಸಿತ್ತು. ಬಲ್ಬುಗಳು ಎಸ್‌ಒಎಸ್ ಅಂತ ಮಿಟುಕಿ ಸಹಾಯಕ್ಕೆ ಕೂಗಿಕೊಂಡವು. ಪಾಪ, ಅವಕ್ಕೂ ಸಾಕಾಗಿತ್ತೇನೋ. ತಂಡದಲ್ಲಿ ಆದಿ ಶಮೀರ್ ಇದ್ದರು, ಆರ್‌ಎಸ್‌ಎ ಗೂಢಲಿಪಿಯ 'ಎಸ್' ಅವರೇ. ಬಲ್ಬಿನೊಳಗೆ ತಮ್ಮದೇ ತಂತ್ರಾಂಶವನ್ನು ಇವರು ಕೂರಿಸಿದ್ದು ಯಾವ ದಾರಿಯಿಂದ ಗೊತ್ತೇ? ಅಪ್‌ಡೇಟ್ ಬರುವ ದಾರಿಯಿಂದಲೇ. ಇದು ಕಂಪನಿಯಿಂದಲೇ ಬಂದ ಫರ್ಮ್‌ವೇರ್ ಅಂತ ಬಲ್ಬು ನಂಬಬೇಕಾದರೆ ಒಂದು ಗುಟ್ಟಿನ ಕೀ ಬೇಕು. ಒಂದು ಮಾದರಿಯ ಬಲ್ಬುಗಳಿಗೆಲ್ಲ ಒಂದೇ ಕೀ ಇತ್ತು. ಒಂದು ಬಲ್ಬಿನಿಂದ ತೆಗೆದರೆ ಮುಗಿಯಿತು, ಉಳಿದವೆಲ್ಲ ಬಾಗಿಲು ತೆರೆದು ಬನ್ನಿ ಅನ್ನುತ್ತವೆ. ಸುದ್ದಿ ತಿಳಿದ ಕಂಪನಿ ಇದಕ್ಕೆ ಪರಿಹಾರ ಕೊಟ್ಟಿತು. ಏನದು? ಇನ್ನೊಂದು ಅಪ್‌ಡೇಟ್.

ಏಣಿಯ ಮೇಲಿನ ನಮ್ಮ ಟೆಕ್ನಿಷಿಯನ್‌ಗೆ ಇಷ್ಟೆಲ್ಲ ಚರಿತ್ರೆ ಬೇಡ, 98 ಪರ್ಸೆಂಟ್ ಆದರೆ ಸಾಕು. ಆಗುತ್ತದೆ ಕೂಡ. ಕಷ್ಟ ಶುರುವಾಗುವುದೇ ಆಮೇಲೆ. ಒಂದೊಂದು ದೀಪಕ್ಕೂ ಒಂದು ವಿಳಾಸ ಕೊಟ್ಟು ನಡೆಸುವ ಡಾಲಿ ಅಂತ ಒಂದು ವ್ಯವಸ್ಥೆ ಇದೆ (ನಟ ಅಲ್ಲ). ಒಂದು ಲೈನಿಗೆ ಹೆಚ್ಚೆಂದರೆ 64 ವಿಳಾಸ. ಅಪ್‌ಡೇಟಿನ ಗಡಿಬಿಡಿಯಲ್ಲಿ ದೀಪಗಳನ್ನು ನಡೆಸುವ ಕಂಟ್ರೋಲರ್ ತನ್ನ ನೆನಪು ಕಳೆದುಕೊಂಡರೆ ಯಾವ ವಿಳಾಸದಲ್ಲಿ ಯಾವ ದೀಪ ಇದೆ ಅಂತ ಒಂದೊಂದನ್ನೇ ಮಿಟುಕಿಸಿ, ಹುಡುಕಿ ಬರೆದುಕೊಳ್ಳಬೇಕು. ಮೊದಲ ಸಲ ಬರೆದ ಪಟ್ಟಿ ಎಲ್ಲಿ? ಹಳೇ ವೆಂಡರ್ ಹತ್ತಿರ. ಹಳೇ ವೆಂಡರ್ ಎಲ್ಲಿ? ಎಎಂಸಿ (ವಾರ್ಷಿಕ ನಿರ್ವಹಣೆಯ ಒಪ್ಪಂದ) ಮುಗಿದು ಮೂರು ವರ್ಷ ಆಯಿತು. ಸೋಮವಾರ ಬೆಳಗ್ಗೆ ಟಾಯ್ಲೆಟ್‌ಗೆ ಯಾರೋ ಹೋದರೆ ಬೋರ್ಡ್ ರೂಮಿನ ದೀಪ ಹತ್ತಿಕೊಳ್ಳುತ್ತದೆ. ಡೈರೆಕ್ಟರು ಕತ್ತಲಲ್ಲಿ ಕೂತು, ದಯವಿಟ್ಟು ಯಾರಾದರೂ ಹೋಗಿ ಬನ್ನಿ ಅಂತ ಫೋನ್ ಮಾಡುತ್ತಾರೆ.

ಇಷ್ಟು ಒದ್ದಾಡುವ ಬದಲು ಅಪ್‌ಡೇಟೂ ಬೇಡ, ಪಾಸ್‌ವರ್ಡೂ ಬೇಡ ಅಂತ ಸುಮ್ನೆ ಬಿಟ್ಟವರೂ ಇದ್ದಾರೆ. 2021ರಲ್ಲಿ ಜರ್ಮನಿಯ ಒಂದು ಆಫೀಸ್ ಕಟ್ಟಡದಲ್ಲಿ ಹಾಗೇ ಆಯಿತು. ಅಲ್ಲಿದ್ದದ್ದು ಕಟ್ಟಡದ ದೀಪ, ಪರದೆ ಎಲ್ಲವನ್ನೂ ಒಟ್ಟಿಗೆ ನಡೆಸುವ ಕೆಎನ್‌ಎಕ್ಸ್ ವ್ಯವಸ್ಥೆ, ಅದರ ಒಂದು ಬಾಗಿಲು ಇಂಟರ್‌ನೆಟ್‌ಗೆ ತೆರೆದುಕೊಂಡಿತ್ತು. ಯಾರೋ ಬಂದರು. ಲೈಟ್ ಸ್ವಿಚ್ಚು, ಸೆನ್ಸರು, ಕಿಟಕಿಯ ಪರದೆ ಅಂತ ಮುಕ್ಕಾಲು ಪಾಲು ಸಾಧನಗಳ ತಲೆ ಖಾಲಿ ಮಾಡಿದರು. ಹೋಗುವಾಗ ಅವಕ್ಕೆಲ್ಲ ಪಾಸ್‌ವರ್ಡ್ ಹಾಕಿ ಹೋದರು. ಮಾಲೀಕರು ಹಾಕದೆ ಬಿಟ್ಟಿದ್ದ ಪಾಸ್‌ವರ್ಡನ್ನು ಕಳ್ಳರೇ ಜವಾಬ್ದಾರಿಯಿಂದ ಹಾಕಿಕೊಟ್ಟರು. ದೀಪ ಹಾಕಬೇಕೆಂದರೆ ಮುಖ್ಯ ಪ್ಯಾನೆಲ್‌ಗೆ ಹೋಗಿ ಬ್ರೇಕರ್ ಎತ್ತಬೇಕಾಯಿತು. ಕೊನೆಗೆ ತಜ್ಞರು ಬಂದು ಸಾಧನಗಳ ಚಿಪ್ಪಿನ ನೆನಪು ಕೆದಕಿ ಆ ಪಾಸ್‌ವರ್ಡ್ ಹೊರತೆಗೆದರು.

ದೀಪ ಹೋಗಲಿ, ಬಾಗಿಲಿನ ಕಥೆ ಕೇಳಿ. 2017ರ ಆಗಸ್ಟ್‌ನಲ್ಲಿ ಅಮೆರಿಕದ ಲಾಕ್‌ಸ್ಟೇಟ್ ಎಂಬ ಕಂಪನಿ ತನ್ನ ಸ್ಮಾರ್ಟ್ ಬೀಗಗಳಿಗೆ ಗಾಳಿಯಲ್ಲೇ ಅಪ್‌ಡೇಟ್ ಕಳಿಸಿತು. 7000 ಮಾದರಿಯ ಬೀಗಕ್ಕೆ ಬರೆದದ್ದು 6000 ಮಾದರಿಗೆ ಹೋಯಿತು. ಸುಮಾರು 500 ಬೀಗಗಳು ಅಲ್ಲೇ ಕಣ್ಣು ಮುಚ್ಚಿದವು. ಅವುಗಳಲ್ಲಿ ಹಲವು ಏರ್‌ಬಿಎನ್‌ಬಿ ಮನೆಗಳವು. ಬಂದ ಅತಿಥಿ ಪಿನ್ ಒತ್ತಿದ್ದೇ ಒತ್ತಿದ್ದು. ಇಂಟರ್‌ನೆಟ್ ಸಂಪರ್ಕವೇ ಕಡಿದುಕೊಂಡಿದ್ದರಿಂದ ದೂರದಿಂದ ರಿಪೇರಿ ಮಾಡುವ ಹಾಗೂ ಇಲ್ಲ. ಕಂಪನಿ ಎರಡು ದಾರಿ ತೋರಿಸಿತು. ಬೀಗದ ಹಿಂಭಾಗ ಬಿಚ್ಚಿ ಕೊರಿಯರ್ ಮಾಡಿ, ವಾರದೊಳಗೆ ಸರಿಮಾಡಿ ಕಳಿಸುತ್ತೇವೆ. ಇಲ್ಲವೇ ಹೊಸದು ಕೊಡುತ್ತೇವೆ, ಎರಡು ವಾರದ ಮೇಲಾಗುತ್ತದೆ. ಅಲ್ಲಿಯವರೆಗೆ ಮಾಮೂಲಿ ಬೀಗದ ಕೈ ಬಳಸಿ.

ಜೊತೆಗೆ ತೊಂದರೆ ಆದವರಿಗೆ ಒಂದು ಉಡುಗೊರೆಯೂ ಇತ್ತು. ಬೀಗವನ್ನು ಇಂಟರ್‌ನೆಟ್ ಮೂಲಕ ನಡೆಸುವ ಕಂಪನಿಯ ಆ ಸೇವೆ, ಒಂದು ವರ್ಷ ಪೂರ್ತಿ ಉಚಿತ.