ಮೀನಿಂಗ್ ಪುಸ್ತಕ

ಕನ್ನಡ ಮಾಧ್ಯಮದಲ್ಲಿ ಓದಿ, ಐದನೆಯ ತರಗತಿಗೆ ಬಂದ ಮೇಲಷ್ಟೇ ಎ ಬಿ ಸಿ ಡಿಯ ಮುಖ ಕಂಡ ನಮ್ಮ ತಲೆಮಾರಿನಲ್ಲಿ ಮೀನಿಂಗ್ ಪುಸ್ತಕವಿಲ್ಲದ ವಿದ್ಯಾರ್ಥಿ ವಿರಳ. ನೋಟ್‌ಬುಕ್ಕಿನ ಹಾಳೆಯ ನಡುವೆ ಸ್ಕೇಲಿಟ್ಟು ಕೆಂಪು ಗೆರೆ ಎಳೆದು, ಎಡಕ್ಕೆ ಇಂಗ್ಲಿಷ್ ಪದವನ್ನೂ ಬಲಕ್ಕೆ ಅದರ ಕನ್ನಡ ಅರ್ಥವನ್ನೂ ಬರೆದು, ಮರುದಿನ ಮೇಷ್ಟರ ಮುಂದೆ ಕೈಕಟ್ಟಿ ನಿಂತು ಒಪ್ಪಿಸುವುದೇ ಆಗ ಇಂಗ್ಲಿಷ್ ಕಲಿಕೆಯೆನಿಸಿತ್ತು. ಒಂದು ಪದಕ್ಕೆ ಒಂದೇ ಅರ್ಥ. ಎರಡನೆಯದಕ್ಕೆ ಆ ಕಿರಿದಾದ ಅಂಕಣದಲ್ಲಿ ಜಾಗವೂ ಇರಲಿಲ್ಲ, ಅಂಥದೊಂದು ಇದ್ದೀತೆಂಬ ಗುಮಾನಿ ನಮಗೂ ಇರಲಿಲ್ಲ.

ಈ ಪುಸ್ತಕದಲ್ಲಿ ಮಣೆ ಸಿಗುತ್ತಿದ್ದುದು ನಾಲಿಗೆ ತೊಡರುವಷ್ಟು ಉದ್ದದ ಪದಗಳಿಗೆ ಮಾತ್ರ. (ಈಗ ಮೊಬೈಲಿಗೆ ದಿನಕ್ಕೊಂದರಂತೆ ಬಂದು ಬೀಳುವ ಹೊಸ ಪದಗಳೂ ಅದೇ ಜಾತಿಯವು.) ಸೈಮಲ್ಟೇನಿಯಸ್ಲಿಯ ಸ್ಪೆಲಿಂಗನ್ನು ರಾಗವಾಗಿ ಬಾಯಿಪಾಠ ಮಾಡಿದವರಿಗೆ ಗೆಟ್, ಪುಟ್, ಸೆಟ್ ಎಂಬ ಮೂರಕ್ಷರದ ಪದಗಳೆಂದರೆ ತಾತ್ಸಾರ. ಆದರೆ ಮುಂದೆ ಪರದಾಡಿಸುವವು ಇವೇ. ಪುಟ್ ಎಂದರೆ ಇಡು ಎಂದು ಬರೆದುಕೊಂಡು ನಿಶ್ಚಿಂತರಾಗಿದ್ದರೆ, ಅದು ಆಫ್ ಜೊತೆ ಸೇರಿ ಕೆಲಸವನ್ನು ಮುಂದೂಡುತ್ತದೆ, ಔಟ್ ಜೊತೆ ಸೇರಿ ಬೆಂಕಿಯನ್ನು ಆರಿಸುತ್ತದೆ, ಅಪ್ ಮತ್ತು ವಿತ್ ಎರಡನ್ನೂ ಕಟ್ಟಿಕೊಂಡಾಗ ಎಲ್ಲವನ್ನೂ ಸಹಿಸಿಕೊಳ್ಳುತ್ತದೆ. 1989ರಲ್ಲಿ 20 ಸಂಪುಟಗಳಾಗಿ ಹೊರಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೆಯ ಆವೃತ್ತಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಜಾಗ ಹಿಡಿದದ್ದು ಸೆಟ್ ಎಂಬ ಪುಟ್ಟ ಪದ; ಅದಕ್ಕೆ ಅಲ್ಲಿ ಸುಮಾರು 430 ಅರ್ಥಗಳಿವೆ. ನಮ್ಮ ಪುಸ್ತಕಗಳಲ್ಲಿ ಅದಕ್ಕೆ ಒಂದು ಸಾಲೂ ದಕ್ಕಿರಲಿಲ್ಲ.

ಹಾಗೆಂದು ಇಂಗ್ಲಿಷನ್ನು ದೂರುವಂತಿಲ್ಲ. ನಾವೂ ಬೀಗ ಹಾಕುತ್ತೇವೆ, ಅಂಗಿ ಹಾಕುತ್ತೇವೆ, ಲೆಕ್ಕ ಹಾಕುತ್ತೇವೆ, ಮತ ಹಾಕುತ್ತೇವೆ, ಸಮಯ ಬಂದರೆ ಹೊಂಚೂ ಹಾಕುತ್ತೇವೆ. ಇವನ್ನು ಯಾವ ಮೇಷ್ಟರೂ ಪಟ್ಟಿ ಮಾಡಿಸಿ ಒಪ್ಪಿಸಿಕೊಂಡವರಲ್ಲ. ಬಳಸುವವರ ನಡುವೆ ಬೆಳೆದು, ಕೇಳಿ ಕೇಳಿ ಬಂದವು. ನಮ್ಮೂರುಗಳಲ್ಲಿ ಇಂಗ್ಲಿಷಿಗೆ ಅಂಥ ಭಾಗ್ಯ ಸ್ವಲ್ಪಮಟ್ಟಿಗಾದರೂ ಒದಗಿದ್ದರೆ ಅದು ಕ್ರಿಕೆಟ್ಟಿನಿಂದ. ಟ್ರಾನ್ಸಿಸ್ಟರಿನ ಸುತ್ತ ಕುಳಿತು ಕಾಮೆಂಟರಿ ಕೇಳುತ್ತಿದ್ದವರಲ್ಲಿ ಡಿಕ್ಷನರಿಯನ್ನು ಕಣ್ಣಿನಿಂದ ಕಾಣದವರೂ ಇದ್ದರು. ಆದರೂ ಆಟಗಾರ ಒಂದೂ ರನ್ ಗಳಿಸದೆ ಡಕ್ಕಿಗೆ ಔಟಾದನೆಂದಾಗ ಅವರಲ್ಲಿ ಯಾರೂ ಬಾತುಕೋಳಿ ಎಲ್ಲಿಂದ ಬಂತೆಂದು ಕೇಳಲಿಲ್ಲ.