ಸೆಕೆಂಡ್ ಹ್ಯಾಂಡ್ ಕಾರು, ಕೈಗೆ ಒಂದೇ ಕೀ

ಸೆಕೆಂಡ್ ಹ್ಯಾಂಡ್ ಕಾರು ನೋಡೋಕೆ ಹೋದವರು ಟಯರ್ ಒತ್ತಿ ನೋಡ್ತಾರೆ, ಬಾನೆಟ್ ಎತ್ತಿ ನೋಡ್ತಾರೆ, ಬಾಗಿಲ ಸಂದಿಗೆ ಮೊಬೈಲ್ ಟಾರ್ಚ್ ಹಾಕಿ ಪೇಂಟ್ ನೋಡ್ತಾರೆ. ಕೀ ಎಷ್ಟಿದೆ ಅಂತ ಕೇಳೋದು ಮಾತ್ರ ದುಡ್ಡು ಕೊಟ್ಟ ಮೇಲೆ. "ಇನ್ನೊಂದು ಮನೇಲಿ ಎಲ್ಲೋ ಇದೆ ಸಾರ್, ಸಿಕ್ಕಿದ ಕೂಡಲೇ ಕೊರಿಯರ್ ಮಾಡ್ತೀನಿ" ಅಂತಾರೆ. ಆ ಕೊರಿಯರ್ ಬರಲ್ಲ. ಒಂದೇ ಕೀ ಇರುವ ಕಾರು ಅಂದ್ರೆ ನನ್ನ ಲೆಕ್ಕದಲ್ಲಿ ಒಂದು ಪಾರ್ಟ್ ಕಮ್ಮಿ ಇರುವ ಕಾರು. ಹೊಸ ಕೀ ಮಾಡಿಸೋ ಖರ್ಚನ್ನ ಚೌಕಾಸಿ ಮಾಡುವಾಗಲೇ ಕಳೀಬೇಕು.

ಸಾಲದಲ್ಲಿದ್ದ ಗಾಡಿಯಾದರೆ ಎರಡನೇ ಕೀ ಫೈನಾನ್ಸ್‌ನವರ ಹತ್ರಾನೇ ಉಳಿದಿರಬಹುದು. ಎನ್‌ಒಸಿ (ಸಾಲ ಬಾಕಿ ಇಲ್ಲ ಅನ್ನೋ ಪತ್ರ) ಮತ್ತು ಫಾರ್ಮ್ 35 (ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಅರ್ಜಿ) ಇಸ್ಕೊಳ್ಳುವಾಗ ಆ ಕೀಯನ್ನೂ ಕೇಳಿಸಿ. ನಾಳೆ ಕಾರು ಕಳುವಾದರೆ ಇನ್ಶೂರೆನ್ಸ್‌ನವರು ಕ್ಲೇಮ್‌ಗೆ ಮೊದಲು ಕೇಳೋದೇ ಎರಡೂ ಕೀಗಳನ್ನ. ಡೆಲಿವರಿ ನೋಟ್‌ನಲ್ಲಿ "ಒಂದು ಕೀ ಮಾತ್ರ ಪಡೆದಿದ್ದೇನೆ" ಅಂತ ಬರೆಸಿ, ಮಾರುವವರ ಸಹಿ ಹಾಕಿಸಿಟ್ಟುಕೊಳ್ಳಿ.

ಈಗ ಕೀ ವಿಷಯಕ್ಕೆ ಬರೋಣ. ಒಂದೇ ಪ್ಲಾಸ್ಟಿಕ್ ಶೆಲ್ ಒಳಗೆ ಮೂರು ಬೇರೆ ಬೇರೆ ವಸ್ತುಗಳಿವೆ: ಬೀಗ ತಿರುಗಿಸುವ ಬ್ಲೇಡ್, ಬಾಗಿಲು ಲಾಕ್ ಮಾಡುವ ರಿಮೋಟ್, ಇಂಜಿನ್‌ಗೆ ಅನುಮತಿ ಕೊಡುವ ಚಿಪ್. ಜನ ಎಡವೋದೇ ಇಲ್ಲಿ. ರಿಮೋಟ್ ನಡೆಯೋದು ಸೆಲ್ ಮೇಲೆ, ಸಾಮಾನ್ಯವಾಗಿ ಸಿಆರ್2032 ಅಥವಾ ಸಿಆರ್1620. ಚಿಪ್‌ಗೆ ಸೆಲ್ಲೇ ಬೇಡ. ಇಗ್ನಿಷನ್ ಬೀಗದ ಸುತ್ತ ತಂತಿ ಸುತ್ತಿದ ಒಂದು ಬಳೆ ಇರುತ್ತೆ. ಅದು ಹೊರಡಿಸುವ 125 ಕಿಲೋಹರ್ಟ್ಸ್ ಆಸುಪಾಸಿನ ತರಂಗದಿಂದಲೇ ಚಿಪ್ ಎಚ್ಚರವಾಗಿ ಉತ್ತರ ಕೊಡುತ್ತೆ. ಹಾಗಾಗಿ ಲಾಕ್, ಅನ್‌ಲಾಕ್ ಆಗ್ತಿಲ್ಲ ಆದರೆ ಗಾಡಿ ಸ್ಟಾರ್ಟ್ ಆಗ್ತಿದೆ ಅಂದ್ರೆ ಚಿಪ್ ಚೆನ್ನಾಗಿದೆ. ಸೆಲ್ ಬದಲಿಸಿ, ಇಲ್ಲಾಂದ್ರೆ ಸರ್ಕ್ಯೂಟ್ ಮೇಲಿನ ಸವೆದ ಪುಟ್ಟ ಸ್ವಿಚ್ ಬದಲಿಸಿ. ಉಲ್ಟಾ, ಬಾಗಿಲು ತೆರೀತಿದೆ, ಸೆಲ್ಫ್ ಹೊಡೀತಿದೆ, ಇಂಜಿನ್ ಮಾತ್ರ ಹಿಡೀತಿಲ್ಲ ಅಥವಾ ಹಿಡಿದು ಎರಡು ಸೆಕೆಂಡಿಗೆ ಆಫ್ ಆಗ್ತಿದೆ, ಮೀಟರ್‌ನಲ್ಲಿ ಕೀ ಚಿತ್ರದ ದೀಪ ಮಿಣುಕ್ತಿದೆ ಅಂದ್ರೆ ಅದು ಚಿಪ್ ಕಡೆಯ ತೊಂದರೆ. ಸೆಲ್ ಎಷ್ಟು ಬದಲಿಸಿದರೂ ಹೋಗಲ್ಲ. ಆದರೆ ಗಾಬರಿಯಾಗುವ ಮೊದಲು ಕೀಯನ್ನ ಗೊಂಚಲಿನಿಂದ ಬಿಡಿಸಿ ಒಂದನ್ನೇ ಹಾಕಿ ನೋಡಿ. ಪಕ್ಕದಲ್ಲಿ ಇನ್ನೊಂದು ಕಾರಿನ ಚಿಪ್ ಕೀ ತೂಗ್ತಿದ್ರೆ ಎರಡೂ ಒಟ್ಟಿಗೆ ಉತ್ತರ ಕೊಟ್ಟು ಗೊಂದಲ ಆಗುತ್ತೆ.

ಚಿಪ್ ಕಳೆದುಹೋಗೋ ಅತಿ ಸಾಮಾನ್ಯ ದಾರಿ ಶೆಲ್ ಬದಲಿಸೋದು. ಗುಂಡಿ ಹರಿದಿದೆ ಅಂತ ಆನ್‌ಲೈನ್‌ನಲ್ಲಿ ಹೊಸ ಶೆಲ್ ತರಿಸ್ತಾರೆ, ಸರ್ಕ್ಯೂಟ್ ಎತ್ತಿ ಅದಕ್ಕೆ ಹಾಕ್ತಾರೆ, ಹಳೇ ಶೆಲ್ ಕಸದ ಬುಟ್ಟಿಗೆ. ಹುಣಸೆ ಬೀಜದಷ್ಟು ದೊಡ್ಡ ಕಪ್ಪು ತುಣುಕೊಂದು ಹಳೇ ಶೆಲ್ಲಿನ ಮೂಲೆಯ ಗೂಡಲ್ಲಿ ಕೂತಿತ್ತು, ಅದೇ ಚಿಪ್. ಕೆಲವು ಮಾದರಿಯಲ್ಲಿ ಅದು ಗಾಜಿನ ಕೊಳವೆ ರೂಪದಲ್ಲಿರುತ್ತೆ, ಸ್ಕ್ರೂಡ್ರೈವರ್ ತಾಗಿದ್ರೆ ಒಡೆದೇ ಹೋಯ್ತು. ಇನ್ನು ಕೆಲವದರಲ್ಲಿ ಸರ್ಕ್ಯೂಟ್‌ಗೇ ಬೆಸುಗೆ ಹಾಕಿರ್ತಾರೆ, ಅಲ್ಲಿ ಈ ಭಯ ಇಲ್ಲ. ಹೊಸ ಶೆಲ್ ಹಾಕಿ ಗಾಡಿ ಎರಡು ಸಲ ಸ್ಟಾರ್ಟ್ ಆಗೋವರೆಗೆ ಹಳೇದನ್ನ ಎಸೀಬೇಡಿ.

ಇನ್ನು ಹೊಸ ಕೀ ಮಾಡಿಸೋದು. ಮೊದಲು ಬ್ಲೇಡ್ ಕಟಿಂಗ್: ಸವೆದ ಕೀ ನೋಡಿ ಕತ್ತರಿಸಿದ್ರೆ ಸವೆತವೂ ನಕಲಾಗುತ್ತೆ, ಕೀ ಕೋಡ್, ಅಂದ್ರೆ ಬ್ಲೇಡ್‌ನ ಮೂಲ ಅಳತೆ ಹೇಳುವ ನಂಬರ್, ಹಾಕಿ ಕತ್ತರಿಸಿದ್ದು ಮೇಲು. ಬಾಗಿಲು, ಇಗ್ನಿಷನ್ ಎರಡರಲ್ಲೂ ಸಲೀಸಾಗಿ ತಿರುಗಿದ ಮೇಲೆ ಪ್ರೋಗ್ರಾಮಿಂಗ್. ಅದಕ್ಕೂ ಎರಡು ದಾರಿ ಇದೆ. ಒಂದು, ಒಬಿಡಿ ಪೋರ್ಟ್‌ಗೆ (ಕಾರಿನ ಕಂಪ್ಯೂಟರ್ ಜೊತೆ ಮಾತಾಡೋಕೆ ಇರುವ ಸಾಕೆಟ್) ಉಪಕರಣ ಹಾಕಿ ಕಾರಿನ ನೆನಪಿಗೆ ಹೊಸ ಚಿಪ್ ಸೇರಿಸೋದು. ಇನ್ನೊಂದು ಕ್ಲೋನ್, ಅಂದ್ರೆ ಹಳೇ ಚಿಪ್‌ನ ಗುರುತನ್ನೇ ಹೊಸ ಚಿಪ್‌ಗೆ ಬರೆಯೋದು. ಕಾರಿಗೆ ಅದು ಹಳೇ ಕೀ ಅಂತಲೇ ಕಾಣುತ್ತೆ. ಸುಲಭ, ಅಗ್ಗ, ಆದರೆ ಸೆಕೆಂಡ್ ಹ್ಯಾಂಡ್ ಕಾರಿಗೆ ನಾನು ಒಪ್ಪಲ್ಲ. ಯಾಕಂದ್ರೆ ಕಾಣೆಯಾದ ಕೀ ಕಾರಿನ ನೆನಪಲ್ಲಿ ಹಾಗೇ ಉಳಿಯುತ್ತೆ.

ಸೇರಿಸೋದಾದರೆ ಕೈಲಿರೋ ಎಲ್ಲ ಕೀಗಳನ್ನೂ ತಗೊಂಡು ಹೋಗಿ. ಹ್ಯುಂಡೈಯಲ್ಲಿ 6 ಅಂಕಿಯ ಪಿನ್ ಹಾಕಿ ಒಂದೊಂದೇ ಕೀ ಕಲಿಸ್ತಾರೆ. ಆ ಹೊತ್ತಲ್ಲಿ ಕಲಿಸದೆ ಬಿಟ್ಟ ಕೀ ಅಳಿಸಿಹೋಗುತ್ತೆ. ಮನೇಲಿ ಮರೆತು ಬಂದ ಕೀಗೆ ಇದು ಶಾಪ, ಯಾರ ಹತ್ರವೋ ಇರುವ ಕೀ ಮಟ್ಟಿಗೆ ಇದೇ ವರ. ಪಿನ್ ಮೂರು ಸಲ ತಪ್ಪಾದ್ರೆ ಗಾಡಿ ಸುಮಾರು ಒಂದು ಗಂಟೆ ಬೀಗ ಹಾಕಿಕೊಂಡು ಕೂರುತ್ತೆ. ಫೋಕ್ಸ್‌ವ್ಯಾಗನ್, ಸ್ಕೋಡಾದ ಎಷ್ಟೋ ಮಾದರಿಗಳಿಗೆ ಚಾಸಿ ನಂಬರ್ ಕೊಟ್ಟು ಆ ಗಾಡಿಗೆಂದೇ ಕೋಡ್ ಆದ ಕೀ ತರಿಸಬೇಕು, ಇನ್ನೊಂದು ಪೋಲೋದ ಹಳೇ ಕೀ ತಂದುಕೊಟ್ಟರೆ ಆಗಲ್ಲ. ಪುಶ್ ಬಟನ್ ಗಾಡಿಯ ಬಳಸಿದ ಸ್ಮಾರ್ಟ್ ಕೀಗಳ ಕಥೆಯೂ ಬಹುಮಟ್ಟಿಗೆ ಇದೇ: ಒಮ್ಮೆ ಒಂದು ಕಾರಿಗೆ ಕಟ್ಟಿಕೊಂಡರೆ ಮತ್ತೊಂದಕ್ಕೆ ಸುಲಭಕ್ಕೆ ಒಗ್ಗಲ್ಲ. ರಿಮೋಟ್ ತರಿಸುವಾಗ ಆವರ್ತನವನ್ನೂ ನೋಡಿ. ನಮ್ಮ ಬಹುತೇಕ ಕಾರುಗಳದ್ದು 433 ಮೆಗಾಹರ್ಟ್ಸ್. 315ರ ರಿಮೋಟ್ ನೋಡೋಕೆ ತದ್ರೂಪ, ಕೆಲಸಕ್ಕೆ ಬರಲ್ಲ. ಕಾರಿನ ಬ್ಯಾಟರಿ ಸೋತಿದ್ರೆ ಚಾರ್ಜರ್ ಹಾಕಿಯೇ ಈ ಕೆಲಸಕ್ಕೆ ಕೂರಬೇಕು. ಮಧ್ಯದಲ್ಲಿ ವೋಲ್ಟೇಜ್ ಬಿದ್ದು ಇಸಿಯು (ಕಾರಿನ ಕಂಪ್ಯೂಟರ್) ಕೆಟ್ಟರೆ ಕೀ ಖರ್ಚು ಲೆಕ್ಕಕ್ಕೇ ಬರಲ್ಲ.

ಕೊಳ್ಳುವ ಮೊದಲು ಮಾಡಬೇಕಾದ ಒಂದು ಪರೀಕ್ಷೆ ಇದೆ. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ತಗೊಂಡು ಕೀಯ ತಲೆಗೆ ಮೂರ್ನಾಲ್ಕು ಸುತ್ತು ಬಿಗಿಯಾಗಿ ಸುತ್ತಿ, ಬ್ಲೇಡ್ ಮಾತ್ರ ಹೊರಗಿಟ್ಟು ಸ್ಟಾರ್ಟ್ ಮಾಡಿ. ಚಿಪ್ ಇರುವ ಕಾರು ಸ್ಟಾರ್ಟ್ ಆಗಬಾರದು. ಆರಾಮಾಗಿ ಆದ್ರೆ ಸ್ಟೀರಿಂಗ್ ಕೆಳಗಿನ ಪ್ಲಾಸ್ಟಿಕ್ ಬಿಚ್ಚಿಸಿ. ಇಗ್ನಿಷನ್ ಬೀಗದ ಸುತ್ತಿನ ಆ ತಂತಿ ಬಳೆಯ ಪಕ್ಕ ಒಂದು ಚಿಪ್ ಅನ್ನ ಟೇಪ್ ಸುತ್ತಿ ಅಂಟಿಸಿರೋ ಸಾಧ್ಯತೆ ಹೆಚ್ಚು. ಚಿಪ್ ಇಲ್ಲದ ಕೀಯಿಂದಲೂ ಗಾಡಿ ಓಡಲಿ ಅಂತ ಮಾಡಿದ ಜುಗಾಡ್ ಅದು. ಬ್ಲೇಡ್ ಒಂದನ್ನ ಕತ್ತರಿಸಿದ ಯಾರು ಬೇಕಾದರೂ ಆ ಗಾಡಿ ತಗೊಂಡು ಹೋಗಬಹುದು.

ಶೋರೂಮೋ, ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆಯ ಕೀ ಅಂಗಡಿಯೋ ಅನ್ನೋದು ಗಾಡಿ ಮೇಲೆ ಹೋಗುತ್ತೆ. ಸಾಮಾನ್ಯ ಚಿಪ್ ಕೀಗೆ ಸರಿಯಾದ ಉಪಕರಣ ಇಟ್ಟ ಅಂಗಡಿಯವರು ಸಾಕು, ಅಗ್ಗವೂ ಹೌದು. ಆರ್‌ಸಿ, ಗುರುತಿನ ಚೀಟಿ ಕೇಳದೆ ಕೀ ಮಾಡಿಕೊಡುವ ಅಂಗಡಿಗೆ ಮಾತ್ರ ಹೋಗಬೇಡಿ. ಕೆಲಸ ಮುಗಿದ ಮೇಲೆ ಹಳೇ ಕೀ, ಹೊಸ ಕೀ ಎರಡರಲ್ಲೂ ಸ್ಟಾರ್ಟ್ ಮಾಡಿ ನೋಡಿ. ಎಷ್ಟು ಕೀ ನೆನಪಲ್ಲಿದೆ ಅಂತ ಹಲವು ಕಾರುಗಳು ಉಪಕರಣದ ಪರದೆಯಲ್ಲೇ ತೋರಿಸ್ತವೆ, ಅದು ಎರಡು ಅಂತಲೇ ಇರಬೇಕು. ಚಿಪ್ ಅಳಿಸಿದ ಮಾತ್ರಕ್ಕೆ ಹಳೇ ರಿಮೋಟ್ ಅಳಿಸಿತು ಅಂದುಕೊಳ್ಳಬೇಡಿ, ಎಷ್ಟೋ ಗಾಡಿಗಳಲ್ಲಿ ಅದಕ್ಕೆ ಬೇರೆಯೇ ಕ್ರಮ ಇದೆ. ಕಾಣೆಯಾದ ಬ್ಲೇಡಂತೂ ಬಾಗಿಲು ತೆರೆಯುತ್ತಲೇ ಇರುತ್ತೆ. ಅದಕ್ಕೆ ಲಾಕ್ ಸೆಟ್ಟೇ ಬದಲಾಗಬೇಕು. ಅಲ್ಲಿವರೆಗೆ ಲ್ಯಾಪ್‌ಟಾಪ್ ಕಾರಲ್ಲಿ ಬಿಡಬೇಡಿ.

ಕೀ ಜೊತೆ ನಂಬರ್ ಇರುವ ಪುಟ್ಟ ಲೋಹದ ಬಿಲ್ಲೆ ಬಂದಿದ್ರೆ ಅದನ್ನ ಗೊಂಚಲಿಗೆ ಹಾಕ್ಕೊಂಡು ಓಡಾಡಬೇಡಿ. ಆ ನಂಬರ್ ಇದ್ರೆ ನಿಮ್ಮ ಕಾರಿನ ಬ್ಲೇಡ್ ಕತ್ತರಿಸಬಹುದು. ಮನೆ ಬೀರುವಿನಲ್ಲಿ, ಇನ್ಶೂರೆನ್ಸ್ ಪೇಪರ್ ಜೊತೆ ಇಡಿ.