ನೀನೇ ಕಟ್ಕೊಂಡಿದ್ದಲ್ವಾ?

ನಿನ್ನೆ ಒಂದು ರಾಜಿ ಪಂಚಾಯ್ತಿಗೆ ಹೋಗಿದ್ದೆ. ತಲೆ ಇನ್ನೂ ಬಿಸಿ ಇದೆ. ಇಲ್ಲಿ ಕಾರಿಕೊಳ್ಳದಿದ್ದರೆ ಮನೆಯಲ್ಲಿ ಯಾರ ಮೇಲಾದರೂ ರೇಗುತ್ತೇನೆ. ಅದಕ್ಕೇ ಈ ಉದ್ದದ ಪೋಸ್ಟು. ಟೈಮಿಲ್ಲದವರು ಮುಂದೆ ಹೋಗಿ, ಬೇಜಾರಿಲ್ಲ.

ಹುಡುಗಿಯ ಹೆಸರು, ಊರು ಹೇಳುವುದಿಲ್ಲ. ಕೇಳಲೂಬೇಡಿ. ಕ್ಯಾಥೊಲಿಕ್ ಮನೆಯ ಹುಡುಗಿ. ಹುಡುಗ ನಮ್ಮ ಕಡೆಯವನು, ಅಂದರೆ ನಾನು ಹುಟ್ಟಿದ ಕಡೆಯವನು, ಹಿಂದೂ. ಪ್ರೀತಿಸಿ ಮದುವೆಯಾದರು. ಒಂದು ಮಗು ಇದೆ. 'ಲವ್ ಜಿಹಾದ್' ಅಂತ ಟೈಪ್ ಮಾಡಲು ಬೆರಳು ಮಡಚಿ ಕೂತವರು ಸ್ವಲ್ಪ ತಾಳಿ, ಇಲ್ಲಿ ನಿಮಗೆ ಬೇಕಾದ ವಿಲನ್ ಇಲ್ಲ.

ಮದುವೆಯಾದ ಮೇಲೆ ಏನಾಯಿತು? ಯಾರೂ ಬಂದು ಕತ್ತಿಗೆ ಚಾಕು ಹಿಡಿದು 'ಮತಾಂತರ ಆಗು' ಅನ್ನಲಿಲ್ಲ. ಅದು ಹಾಗೆ ಆಗುವುದೂ ಇಲ್ಲ. ಮೊದಲು ಅವಳ ಹೆಸರು ಹೋಯಿತು. ತಾಳಿ ಕಟ್ಟುವ ದಿನವೇ ಪುರೋಹಿತರು ಬೇರೆ ಹೆಸರು ಇಟ್ಟರು, ಆಮೇಲೆ ಆಧಾರ್‌ನಲ್ಲೂ ಅದೇ ಆಗಲಿ ಎಂದರು. ಆಮೇಲೆ ಭಾನುವಾರ ಹೋಯಿತು. ಸರಿಯಾಗಿ ಚರ್ಚಿನ ಬಲಿಪೂಜೆಯ (ಭಾನುವಾರದ ಪ್ರಾರ್ಥನೆಯ) ಹೊತ್ತಿಗೇ ಮನೆ ತೊಳೆಯುವ ಕೆಲಸ ಬರುತ್ತಿತ್ತು. ಅಮ್ಮ ಕೊಟ್ಟಿದ್ದ ಜಪಸರ ಬೀರುವಿನಿಂದ ಮಾಯವಾಯಿತು, ಕೇಳಿದರೆ ಯಾರಿಗೂ ಗೊತ್ತಿಲ್ಲ. ಕ್ರಿಸ್‌ಮಸ್‌ಗೆ ತವರಿಗೆ ಹೋಗುವ ಹಾಗಿಲ್ಲ, ಮಗುವಿಗೆ ದೃಷ್ಟಿಯಾಗುತ್ತದಂತೆ. ಒಂದೊಂದೂ ಇಷ್ಟು ಸಣ್ಣದು. ಯಾರ ಹತ್ತಿರ ಹೇಳಿದರೂ 'ಅಷ್ಟೇನಾ, ಹೊಂದ್ಕೊಂಡು ಹೋಗಮ್ಮ' ಅನ್ನುವಷ್ಟು ಸಣ್ಣದು.

ಮೊದಲ ಏಟು ಬಿದ್ದಿದ್ದು ಯಾವಾಗ ಗೊತ್ತಾ? ಮಗುವಿಗೆ ಜೋರು ಜ್ವರ. ಅವಳು ಅದರ ಹಣೆಯ ಮೇಲೆ ಬೆರಳಿನಿಂದ ಶಿಲುಬೆ ಗುರುತು ಹಾಕಿದಳು. ಗಂಡ ಅದನ್ನು ನೋಡಿದ.

ಆಮೇಲೆ ಹೊಡೆಯಲು ಕಾರಣ ಬೇಕಾಗಲಿಲ್ಲ.

ಈಗ ನಿನ್ನೆಯ ಪಂಚಾಯ್ತಿಗೆ ಬನ್ನಿ. ಹುಡುಗನ ಕಡೆಯಿಂದ ಎಂಟ್ಹತ್ತು ಜನ, ಎಲ್ಲ ಗರಿಗರಿ ಬಿಳಿ ಷರ್ಟು. ಹುಡುಗಿಯ ಕಡೆಯಿಂದ ಅವಳ ಅಪ್ಪ, ಅಣ್ಣ, ಜೊತೆಗೆ ನಾನು. (ನಾನು ಯಾಕೆ ಅಂದರೆ, ಈ ಜಿಲ್ಲೆಯಲ್ಲಿ 'ಆ ಥರದ ಮದುವೆ'ಯ ವಿಷಯ ಏನೇ ಬಂದರೂ ನನಗೇ ಫೋನ್ ಬರುತ್ತದೆ. ಡಿಪ್ಲೊಮಾ ಮುಗಿಸಿದವಳ ಥರ.) ಅವಳ ತೋಳಿನ ಮೇಲೆ ಕಂದಿದ ಗುರುತು ಎಲ್ಲರಿಗೂ ಕಾಣುತ್ತಿತ್ತು. ಆದರೂ ಮೊದಲ ಮಾತು ಬಂದಿದ್ದು ಅವಳ ಅಪ್ಪನ ಬಾಯಿಂದಲೇ. "ನಾವ್ಯಾರೂ ತೋರಿಸಿದ ಗಂಡಲ್ಲ. ನೀನೇ ಕಟ್ಕೊಂಡಿದ್ದಲ್ವಾ?"

ಅಷ್ಟೇ. ಪಂಚಾಯ್ತಿ ಅಲ್ಲಿಗೇ ಮುಗಿದಿತ್ತು. ಹುಡುಗನ ಮುಖ ನೋಡಬೇಕಿತ್ತು ನೀವು. ಇನ್ನು ಈ ಹುಡುಗಿಗೆ ಹೋಗಲು ಜಾಗವಿಲ್ಲ ಅನ್ನುವುದು ಅವನಿಗೆ ಎಲ್ಲರ ಎದುರು, ಅದೂ ಅವಳ ಅಪ್ಪನಿಂದಲೇ ಖಾತ್ರಿಯಾಯಿತು. ಅವನು ಆರಾಮಾಗಿ ಕುರ್ಚಿಗೆ ಒರಗಿ ಕೂತ.

ಇದರಲ್ಲಿ ಇನ್ನೊಂದು ತಮಾಷೆ ಇದೆ. ಇವರ ಮದುವೆ ಆಗಿದ್ದು ದೇವಸ್ಥಾನದಲ್ಲಿ. ರಿಜಿಸ್ಟ್ರೇಷನ್ ಇಲ್ಲ. ಹಿಂದೂ ವಿವಾಹ ಕಾಯ್ದೆ ಇಬ್ಬರೂ ಹಿಂದೂಗಳಾಗಿದ್ದರೆ ಮಾತ್ರ ಅನ್ವಯಿಸುತ್ತದೆ. ಒಬ್ಬರು ಕ್ರೈಸ್ತರು, ಒಬ್ಬರು ಹಿಂದೂ ಆಗಿದ್ದರೆ ಆ ಕಾಯ್ದೆಯಡಿ ಮದುವೆ ಊರ್ಜಿತವಲ್ಲ ಅಂತ ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಆ ಕಡೆ ಚರ್ಚಿನವರ ಲೆಕ್ಕದಲ್ಲೂ ಇದು ಮದುವೆಯಲ್ಲ. ಅನುಮತಿ ಪಡೆಯದೆ ಹೊರಗೆ ಮದುವೆಯಾದವಳು, ಹಾಗಾಗಿ ಬಲಿಪೂಜೆಯಲ್ಲಿ ಕೊಡುವ ಪರಮಪ್ರಸಾದವೂ ಇಲ್ಲ. ಗಂಡನೋ, ಜಗಳ ಬಂದಾಗಲೆಲ್ಲ "ಕೋರ್ಟಿಗೆ ಹೋಗು, ನೀನು ನನ್ನ ಹೆಂಡತಿನೇ ಅಲ್ಲ" ಅನ್ನುತ್ತಿದ್ದನಂತೆ. ಬೇರೆ ಬೇರೆ ಧರ್ಮದವರು ಮತ ಬದಲಿಸದೆ ಮದುವೆಯಾಗಲು ಇರುವ ವಿಶೇಷ ವಿವಾಹ ಕಾಯ್ದೆಯ 15ನೇ ಸೆಕ್ಷನ್‌ನಲ್ಲಿ ಹೀಗೆ ಆದ ಮದುವೆಯನ್ನು ಆಮೇಲೂ ರಿಜಿಸ್ಟರ್ ಮಾಡಿಸಬಹುದು. ಆದರೆ ಅರ್ಜಿಗೆ ಇಬ್ಬರ ಸಹಿಯೂ ಬೇಕು. ಅವನ ಷರತ್ತು ಏನು? "ಮೊದಲು ನೀನು ಪೂರ್ತಿ ನಮ್ಮವಳಾಗು. ಆಮೇಲೆ ನೋಡೋಣ."

ನೋಡಿ, ಬಲವಂತ ಅಂದರೆ ಇದು. ಒಂದು ಸಹಿ.

ಹೀಗೆ 'ಇದು ಮದುವೆನೇ ಅಲ್ಲ' ಅನ್ನುವವರೆಲ್ಲ ನಿನ್ನೆ ಒಟ್ಟಿಗೆ ಕೂತು, ಒಂದೇ ದನಿಯಲ್ಲಿ ಅವಳಿಗೆ ಏನಂದರು ಗೊತ್ತಾ? "ಗಂಡ ಹೆಂಡ್ತಿ ಅಂದ್ಮೇಲೆ ಇದೆಲ್ಲ ಇದ್ದಿದ್ದೇ." ಹಕ್ಕು ಕೇಳಿದರೆ ಮದುವೆಯಲ್ಲ, ಏಟು ತಿನ್ನುವಾಗ ಮದುವೆ!

ಆ ಬಿಳಿ ಷರ್ಟುಗಳಲ್ಲಿ ಇಬ್ಬರನ್ನು ನಾನು ಬಲ್ಲೆ. 2022ರಲ್ಲಿ ನಮ್ಮ ರಾಜ್ಯಕ್ಕೆ ಮತಾಂತರ ತಡೆ ಕಾನೂನು ಬಂದಾಗ ಸಿಹಿ ಹಂಚಿದವರು. ಬಲವಂತದಿಂದ, ಆಮಿಷದಿಂದ, ಮದುವೆಯ ನೆಪದಲ್ಲಿ ಮತ ಬದಲಿಸುವುದು ತಪ್ಪು ಅಂತ ಆ ಕಾನೂನಿನಲ್ಲಿದೆ. ಮಹಿಳೆಯಾದರೆ ಶಿಕ್ಷೆ ಇನ್ನೂ ಜಾಸ್ತಿ. (2023ರಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ವಾಪಸ್ ತೆಗೆಯಲು ತೀರ್ಮಾನಿಸಿತು. ಆ ರಾಜಕೀಯ ಇನ್ನೊಂದು ದಿನ ಜಗಳವಾಡೋಣ.) ಅದರಲ್ಲಿ 'ಇಂಥ ಧರ್ಮದಿಂದ ಇಂಥ ಧರ್ಮಕ್ಕೆ' ಅಂತೇನೂ ಬರೆದಿರಲಿಲ್ಲ. ನಿನ್ನೆ ಅವರಿಗೆ ಆ ಕಾನೂನು ನೆನಪಾಗಲಿಲ್ಲ. ಯಾಕೋ.

ಈಗ ನನ್ನ ವಿಷಯ. ನಿಮಗೆಲ್ಲ ಗೊತ್ತಿರುವುದೇ. ನಾನು ಮುಸ್ಲಿಮರನ್ನು ಮದುವೆಯಾದವಳು. ನಮ್ಮ ಸಾಹೇಬರೂ, ಅಂದರೆ ನನ್ನ ಗಂಡ, ನಾನೂ ಅದೇ ವಿಶೇಷ ವಿವಾಹ ಕಾಯ್ದೆಯಡಿ ಸಬ್ ರಿಜಿಸ್ಟ್ರಾರ್ ಆಫೀಸಿನ ಬೋರ್ಡಿನ ಮೇಲೆ 30 ದಿನ ನೇತಾಡಿದವರು. ಹೆಸರು, ವಯಸ್ಸು, ವಿಳಾಸ ಎಲ್ಲ ಹಾಕಿದ ನೋಟಿಸು, ಹೋಗಿ ಬರುವ ಎಲ್ಲರಿಗೂ ಓದಲು ಸಿಗುವ ಹಾಗೆ. ಯಾರೋ ಪುಣ್ಯಾತ್ಮರು ಅದರ ನಕಲು ತೆಗೆದು ನಮ್ಮಪ್ಪನಿಗೆ ಪೋಸ್ಟ್ ಮಾಡಿದ್ದರು. ಅಪ್ಪ ಬಹಳ ಕಾಲ ಮಾತು ಬಿಟ್ಟಿದ್ದರು. ಅದೂ ಗೊತ್ತಿರುವುದೇ.

ಗೊತ್ತಿಲ್ಲದ್ದು ಒಂದಿದೆ. ಮದುವೆಯಾದ ಹೊಸದರಲ್ಲಿ, ಜಗಳ ಶುರುವಾಗುತ್ತದೆ ಅನ್ನಿಸಿದ ಕೂಡಲೇ ನಾನು ಎದ್ದು ಹೋಗಿ ಕಿಟಕಿ ಹಾಕುತ್ತಿದ್ದೆ. ಜಗಳ ಎಂಥದ್ದು? ಗ್ಯಾಸ್ ಬುಕ್ ಮಾಡಲು ಮರೆತಿದ್ದು, ಅವರಣ್ಣನಿಗೆ ಕೊಟ್ಟ ಸಾಲ, ಅಂಥದ್ದು. ಪಕ್ಕದ ಮನೆ ಗೌಡರ ಹೆಂಡತಿ ಗಂಡನಿಗೆ ಬೀದಿಗೆಲ್ಲ ಕೇಳುವಂತೆ ಬೈಯುತ್ತಿದ್ದರು. ಅವರಿಗೆ ಆ ಸ್ವಾತಂತ್ರ್ಯ ಇತ್ತು. ನಾನು ಗ್ಯಾಸ್ ಸಿಲಿಂಡರಿಗೆ ದನಿ ಏರಿಸಿದರೂ ಅದು ಸಂಜೆಯೊಳಗೆ ಹಿಂದೂ ಮುಸ್ಲಿಂ ಜಗಳ ಆಗುತ್ತಿತ್ತು. 'ನೋಡಿದ್ಯಾ, ನಾವು ಹೇಳಿರಲಿಲ್ವಾ' ಅನ್ನಲು ಇಡೀ ಊರೇ ಕಾಯುತ್ತಿತ್ತು. ಆ ಖುಷಿ ಅವರಿಗೆ ಕೊಡಬಾರದು ಅಂತ ನಾನು ಹಬ್ಬಹಬ್ಬಕ್ಕೂ ನಗುತ್ತಾ ಫೋಟೊ ತೆಗೆಸಿಕೊಂಡೆ.

ನಮ್ಮ ಸಾಹೇಬರು ಒಳ್ಳೆಯವರು, ಹಾಗಾಗಿ ಬಚಾವಾದೆ. ನಮ್ಮತ್ತೆ ಒಮ್ಮೆ, ನೆಂಟರ ಬಾಯಿ ಮುಚ್ಚಿಸಲಿಕ್ಕಾದರೂ ಸುಮ್ನೆ ಕಲ್ಮಾ (ಇಸ್ಲಾಂ ಒಪ್ಪಿಕೊಳ್ಳುವಾಗ ಹೇಳುವ ಮಾತು) ಓದಿಬಿಡು ಅಂದಿದ್ದರು. ಕೆಟ್ಟವರಲ್ಲ ಪಾಪ, ಅವರಿಗೆ ಅವರ ಸಂಕಟ. ನಾನು ಬಾಯಿ ತೆರೆಯುವ ಮೊದಲೇ ಇವರು "ಆ ಮಾತು ಬೇಡಮ್ಮ" ಅಂದರು. ಮುಗಿಯಿತು. ಅವತ್ತು ಇವರು ತಲೆ ತಗ್ಗಿಸಿಕೊಂಡು ಊಟ ಮಾಡುತ್ತಾ ಸುಮ್ಮನೆ ಕೂತಿದ್ದರೆ? ಇನ್ನೊಂದು ವರ್ಷಕ್ಕೆ ಆ ಮಾತು ಬೇಡಿಕೆಯಾಗುತ್ತಿತ್ತು, ಆಮೇಲೆ ಹಠ, ಆಮೇಲೆ ಬೈಗುಳ. ಆಗಲೂ ನಾನು ಕಿಟಕಿ ಹಾಕುತ್ತಲೇ ಇರುತ್ತಿದ್ದೆ. ಏಟು ಬಿದ್ದಿದ್ದರೂ ಹಾಕುತ್ತಿದ್ದೆ. ಇದನ್ನು ನೆನೆಸಿಕೊಂಡರೆ ಈಗಲೂ ಕೈ ತಣ್ಣಗಾಗುತ್ತದೆ.

ಜೊತೆಗೆ ನನಗೊಬ್ಬ ಚಿಕ್ಕಮ್ಮ ಇದ್ದರು. ಮದುವೆಗೆ ಬರಲಿಲ್ಲ, ಒಪ್ಪಲೂ ಇಲ್ಲ. ಆದರೆ ಅವರ ಮನೆಯ ಇನ್ನೊಂದು ಕೀ ನನ್ನ ಕೈಗಿಟ್ಟು, "ನಾನು ಇಲ್ದಿದ್ರೂ ಬಾಗಿಲು ತಕ್ಕೊಂಡು ಬಾ" ಅಂದಿದ್ದರು. ಒಮ್ಮೆಯೂ ಬಳಸಲಿಲ್ಲ. ಬ್ಯಾಗಿನಲ್ಲಿ ಇತ್ತು, ಅಷ್ಟೇ. ಒಪ್ಪಿಗೆ ಬೇರೆ, ಬಾಗಿಲು ಬೇರೆ ಅಂತ ಏಳನೇ ಕ್ಲಾಸು ಓದಿದ ಚಿಕ್ಕಮ್ಮನಿಗೆ ಗೊತ್ತಿತ್ತು. ನಿನ್ನೆಯ ಆ ಅಪ್ಪ ರಿಟೈರ್ಡ್ ಮೇಷ್ಟ್ರು.

2022ರಲ್ಲಿ ದೆಹಲಿಯ ಮೆಹ್ರೌಲಿಯ ಶ್ರದ್ಧಾ ವಾಲ್ಕರ್ ಕೊಲೆ ನೆನಪಿದೆಯಲ್ಲ? ಜೊತೆಗಿದ್ದ ಹುಡುಗನೇ ಕೊಂದು, ತುಂಡು ಮಾಡಿ ಫ್ರಿಜ್ಜಿನಲ್ಲಿಟ್ಟಿದ್ದ ಅನ್ನುವ ಆರೋಪ. ಅವರದು ಮದುವೆಯಲ್ಲ, ಒಟ್ಟಿಗೆ ವಾಸವಿದ್ದರು. ಟಿವಿಯವರು ತಿಂಗಳುಗಟ್ಟಲೆ ಫ್ರಿಜ್ಜು, ಧರ್ಮ, ಫ್ರಿಜ್ಜು, ಧರ್ಮ ಅಂತ ಅದನ್ನೇ ತಿರುಗಿಸಿದರು. ಆ ಹುಡುಗಿ 2020ರ ನವೆಂಬರಿನಲ್ಲೇ ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯ ಪೊಲೀಸರಿಗೆ ಬರೆದುಕೊಟ್ಟಿದ್ದಳು. ಅವನು ಹೊಡೆಯುತ್ತಾನೆ, ತುಂಡು ತುಂಡು ಮಾಡುತ್ತೇನೆ ಅಂತ ಹೆದರಿಸುತ್ತಾನೆ ಅಂತ. ಆಮೇಲೆ ಆ ದೂರನ್ನು ಅವಳೇ ವಾಪಸ್ ತೆಗೆದುಕೊಂಡಳು. ಅಷ್ಟರಲ್ಲಿ ಮನೆಯವರ ಜೊತೆ ಸಂಬಂಧವೇ ಹಳಸಿತ್ತು. 'ಅವನು ಯಾವ ಧರ್ಮ' ಅಂತ ಕೇಳಿದವರಲ್ಲಿ ನೂರಕ್ಕೆ ಒಬ್ಬರಾದರೂ 'ದೂರು ಯಾಕೆ ವಾಪಸ್ ತಗೊಂಡಳು, ಆಮೇಲೆ ಎಲ್ಲಿಗೆ ಹೋಗಬಹುದಿತ್ತು' ಅಂತ ಕೇಳಿದರಾ?

ಗೊತ್ತು ನನಗೆ, ಈಗ ಕಾಮೆಂಟಲ್ಲಿ ಬರುವುದು ಏನು ಅಂತ. "ಅದಕ್ಕೇ ಮೇಡಂ, ಅವರವರ ಧರ್ಮದಲ್ಲೇ ಆಗಬೇಕು ಅನ್ನೋದು." ಸರಿ ಸ್ವಾಮಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, 2019-21ರದ್ದು, ತೆಗೆದು ನೋಡಿ. ಕರ್ನಾಟಕದಲ್ಲಿ ಮದುವೆಯಾದ, 18ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 44.4 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಅಂದಿದ್ದಾರೆ. ಹಿಂದಿನ ಸಮೀಕ್ಷೆಯಲ್ಲಿ ಅದು 20.6 ಇತ್ತು. ದೇಶದ ಸರಾಸರಿ 29ರ ಹತ್ತಿರ. ಇವರೆಲ್ಲ ಬೇರೆ ಧರ್ಮದವರನ್ನು ಕಟ್ಟಿಕೊಂಡವರಾ? ಜಾತಕ ಕೂಡಿಸಿ, ಗೋತ್ರ ಕೇಳಿ, ಛತ್ರ ಬುಕ್ ಮಾಡಿ ಆದ ಮದುವೆಗಳು. ಅಲ್ಲಿ ಏಟು ಬಿದ್ದರೆ 'ಹಣೆಬರಹ' ಅನ್ನುತ್ತೀರಿ. ಇಲ್ಲಿ ಬಿದ್ದರೆ 'ಬೇಕಿತ್ತಾ' ಅನ್ನುತ್ತೀರಿ. ಕೈ ಅದೇ ಗಂಡಸಿನದ್ದು.

ಮತ್ತೆ, ಹುಡುಗಿಯರ ಕಾಳಜಿ ಅಂತೂ ಹೇಳಲೇಬೇಡಿ. 2016ರಲ್ಲಿ ಮಂಡ್ಯದಲ್ಲಿ ಎರಡೂ ಮನೆಯವರು ಒಪ್ಪಿ, ಕೂತು ಮಾತಾಡಿ ನಿಶ್ಚಯ ಮಾಡಿದ ಹಿಂದೂ ಮುಸ್ಲಿಂ ಮದುವೆಗೆ ಊರು ಬಂದ್ ಮಾಡಿಸಿದ್ದರು. ಅಪ್ಪ ಅಮ್ಮ ಬೆನ್ನಿಗೆ ನಿಂತ ಹುಡುಗಿ ಅವಳು. ಅವಳಷ್ಟು ಭದ್ರವಾಗಿ ಗಂಡನ ಮನೆಗೆ ಹೋಗುವವರು ಎಷ್ಟು ಜನ? ಕೊನೆಗೆ ಮದುವೆಯನ್ನು ಮೈಸೂರಿನಲ್ಲಿ ಮಾಡಬೇಕಾಯಿತು.

ಇನ್ನು ನನ್ನ ಪ್ರಗತಿಪರ ಗೆಳೆಯರು. ನಿನ್ನೆ ರಾತ್ರಿಯೇ ಒಬ್ಬರು ಫೋನ್ ಮಾಡಿ, "ಇದನ್ನೆಲ್ಲ ಈಗ ಬರೀಬೇಡ, ಅವರ ಕೈಗೆ ಅಸ್ತ್ರ ಕೊಟ್ಟ ಹಾಗಾಗುತ್ತೆ" ಅಂದರು. ಅವರ ಮಾತಲ್ಲಿ ಅರ್ಥವೇ ಇಲ್ಲ ಅನ್ನುವುದಿಲ್ಲ. ಅಸ್ತ್ರ ಮಾಡಿಕೊಳ್ಳುವವರು ಇದ್ದೇ ಇದ್ದಾರೆ. ಆದರೆ ಆ ಹುಡುಗಿ ನಿಮ್ಮ ಸಿದ್ಧಾಂತದ ಮಾನ ಕಾಯಲು ಇನ್ನೆಷ್ಟು ದಿನ ಹೊಡೆಸಿಕೊಳ್ಳಬೇಕು ಅಂತ ಒಂದು ಡೇಟ್ ಹೇಳಿ. ವೇದಿಕೆ ಮೇಲೆ ಅಂತರಧರ್ಮೀಯ ಮದುವೆಗೆ ಹೂವು ಹಾಕುತ್ತೀರಿ, ಫೋಟೊಗೆ ನಿಲ್ಲುತ್ತೀರಿ. ನಾಲ್ಕು ವರ್ಷ ಬಿಟ್ಟು 'ಹೇಗಿದ್ದೀಯಮ್ಮ' ಅಂತ ಒಂದು ಫೋನ್ ಮಾಡಿದ್ದೀರಾ? ಇಲ್ಲ. ನಿಮ್ಮಿಂದಲೂ ಅವಳಿಗೆ ಸಿಗುವುದು ಅದೇ ಉತ್ತರ. ಸ್ವಲ್ಪ ಪಾಲಿಶ್ ಮಾಡಿದ್ದು, ಅಷ್ಟೇ. 'ಅದು ನಿನ್ನ ಆಯ್ಕೆ ಅಲ್ವಾ?'

ಆಯ್ಕೆಯೇ. ಅವಳು ಆಯ್ದುಕೊಂಡಿದ್ದು ಒಬ್ಬ ಹುಡುಗನನ್ನು. ಏಟನ್ನಲ್ಲ, ಹೊಸ ಹೆಸರನ್ನಲ್ಲ, ಕಾಣೆಯಾದ ಜಪಸರವನ್ನಲ್ಲ.

ಕಾನೂನಿನ ಬಗ್ಗೆ ಇಷ್ಟು ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬರಲಿ. ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗಲು ಯಾರೂ ಧರ್ಮ ಬದಲಿಸಬೇಕಿಲ್ಲ. ಹೆಸರೂ ಬದಲಿಸಬೇಕಿಲ್ಲ. 1872ರ ಹಳೇ ಕಾಯ್ದೆಯಲ್ಲಿ 'ನಾನು ಈ ಯಾವ ಧರ್ಮಕ್ಕೂ ಸೇರಿದವಳಲ್ಲ' ಅಂತ ಬರೆದುಕೊಡಬೇಕಿತ್ತು, 1954ರ ಕಾಯ್ದೆಯಲ್ಲಿ ಅದಿಲ್ಲ. ದೇವಸ್ಥಾನದಲ್ಲೋ ಬೇರೆಲ್ಲೋ ಮದುವೆಯಾಗಿ ಕಾಗದ ಇಲ್ಲದಿದ್ದರೂ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಧರ್ಮ ಕೇಳುವುದಿಲ್ಲ. 'ಮದುವೆಯಂಥ ಸಂಬಂಧ' ಇದ್ದರೂ ಅದು ಅನ್ವಯಿಸುತ್ತದೆ. ಹೊಡೆತ ಮಾತ್ರ ಅಲ್ಲ, ಹೀಯಾಳಿಕೆ, ಹಣ ಕಿತ್ತುಕೊಳ್ಳುವುದು, ಮನೆಯಿಂದ ಹೊರಹಾಕುವುದು ಎಲ್ಲ ಅದರೊಳಗೆ ಬರುತ್ತದೆ. ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಆಫೀಸಿನಲ್ಲಿ ರಕ್ಷಣಾಧಿಕಾರಿ ಇರುತ್ತಾರೆ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಬಹುದು. 'ನೀನು ನನ್ನ ಹೆಂಡತಿನೇ ಅಲ್ಲ' ಅನ್ನುವ ಗಂಡನ ಬೆದರಿಕೆಗೆ ಈ ಕಾಯ್ದೆಯ ಎದುರು ಮೂರು ಕಾಸಿನ ಬೆಲೆ ಇಲ್ಲ. ಇದನ್ನು ನಾನು ನಿನ್ನೆ ಪಂಚಾಯ್ತಿಯಲ್ಲೇ ಹೇಳಿದೆ. ಬಿಳಿ ಷರ್ಟುಗಳು "ನೀವು ಸುಮ್ನಿರಿ ಮೇಡಂ, ಮನೆ ಹಾಳು ಮಾಡಬೇಡಿ" ಅಂದವು. ಯಾವ ಮನೆ ಅಂತ ಕೇಳಿದೆ. ಉತ್ತರ ಬರಲಿಲ್ಲ.

ಹುಡುಗಿ ಈಗ ಮಗುವಿನ ಜೊತೆ ಒಂದು ಕಡೆ ಇದ್ದಾಳೆ. ಎಲ್ಲಿ ಅಂತ ಹೇಳುವುದಿಲ್ಲ. ಅರ್ಜಿ ಹಾಕುವ ಕೆಲಸ ಈ ವಾರ ಶುರುವಾಗುತ್ತದೆ. ಕೆಲಸ ಮಾಡುತ್ತಾಳೆ, ಸಂಬಳ ಬರುತ್ತದೆ, ಯಾರ ದಾನವೂ ಬೇಡ. ಬೇಕಿರುವುದು ಒಂದು ರೂಮು, ಒಂದು ಅಡುಗೆಮನೆ. ಇವತ್ತು ಬೆಳಿಗ್ಗೆ ಮೂರು ಕಡೆ ಫೋನ್ ಮಾಡಿದೆ. ಮೂವರೂ ಮೊದಲು ಕೇಳಿದ್ದು 'ಯಾವ ಜನ', ಆಮೇಲೆ 'ಗಂಡ ಎಲ್ಲಿ'.

ಈ ಎರಡು ಪ್ರಶ್ನೆ ಕೇಳದ ಮನೆ ಮಾಲೀಕರು ನಿಮ್ಮಲ್ಲಿ ಯಾರಾದರೂ ಇದ್ದರೆ, ಇಲ್ಲಾ ನಿಮಗೆ ಗೊತ್ತಿದ್ದರೆ, ಇನ್‌ಬಾಕ್ಸ್‌ಗೆ ಬನ್ನಿ. ನೀರು ಸರಿಯಾಗಿ ಬರಬೇಕು, ಹತ್ತಿರ ಅಂಗನವಾಡಿ ಇದ್ದರೆ ಇನ್ನೂ ಒಳ್ಳೆಯದು. ಅಡ್ವಾನ್ಸ್ ನಾನು ನೋಡಿಕೊಳ್ಳುತ್ತೇನೆ. ಬುದ್ಧಿಮಾತು ಹೇಳುವವರು ಇನ್‌ಬಾಕ್ಸ್‌ಗೆ ಬರಬೇಡಿ. ಕೆಳಗೆ ಕಾಮೆಂಟಲ್ಲೇ ಬರೆಯಿರಿ, ಅಲ್ಲಿ ಜಾಗ ಬೇಕಾದಷ್ಟಿದೆ.